ದಿನಾ ಉಣಕಲ್ ಕೆರೆ ಸುತ್ತುವ ಅಪ್ಪನಿಗೆ ನೆಲದಿಂದ ಏಳೋಕೆ ಆಗ್ತಿಲ್ಲ. ವಾಕಿಂಗ್ ಒಂದೇ ಸಾಲದಾ?

ಕೇಶ್ವಾಪುರದವ
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 67. ರಿಟೈರ್ ಆದಾಗಿನಿಂದ ಬೆಳಗಿನ ವಾಕಿಂಗ್ ತಪ್ಪಿಸಿದವರಲ್ಲ. ಉಣಕಲ್ ಕೆರೆ ದಂಡೆಯಲ್ಲಿ ಗೆಳೆಯರ ಗುಂಪಿದೆ. ನಡೆದು, ಚಹಾ ಕುಡಿದು, ರಾಜಕೀಯ ಮುಗಿಸಿಕೊಂಡೇ ಮನೆಗೆ ಬರುವುದು. ಶುಗರ್ ಇಲ್ಲ, ಬಿಪಿಗೆ ಒಂದು ಗುಳಿಗೆ ಅಷ್ಟೇ. ಅಪ್ಪ ಗಟ್ಟಿ ಇದ್ದಾರೆ ಅಂತ ನಾವು ನಿಶ್ಚಿಂತೆಯಿಂದ ಇದ್ದೆವು.

ಮೊನ್ನೆ ಸಿದ್ಧಾರೂಢ ಮಠಕ್ಕೆ ಹೋದಾಗ ಪ್ರಸಾದಕ್ಕೆ ನೆಲದ ಮೇಲೆ ಕೂತೆವು. ಊಟ ಆಯಿತು, ಪಂಕ್ತಿಯವರೆಲ್ಲ ಎದ್ದರು, ಅಪ್ಪ ಏಳಲಿಲ್ಲ. ಒಂದು ಕೈ ನೆಲಕ್ಕೆ ಊರಿದರು, ಆಗಲಿಲ್ಲ. ಇನ್ನೊಂದು ಕೈಯಲ್ಲಿ ನನ್ನ ಪ್ಯಾಂಟು ಹಿಡಿದರು, ಆಗಲೂ ಆಗಲಿಲ್ಲ. ಕೊನೆಗೆ ಇಬ್ಬರು ರಟ್ಟೆ ಹಿಡಿದು ಎತ್ತಬೇಕಾಯಿತು. ಮೊಣಕಾಲು ನೋವಾ ಅಂತ ಕೇಳಿದರೆ, "ನೋವೇನಿಲ್ಲೋ, ಕಾಲಾಗ ತ್ರಾಣಿಲ್ಲ" ಅಂದರು. ದಿನಾ ನಡೆಯುವವರಿಗೂ ಹೀಗಾಗುತ್ತಾ? ಏನು ಮಾಡಿಸಬೇಕು?

ನೃಪತುಂಗ ವಾಕರ್
ವಾಕಿಂಗ್‌ಗಿಂತ ದೊಡ್ಡದು ಯಾವುದೂ ಇಲ್ಲ. ನನಗೆ 72, ಒಂದು ಗುಳಿಗೆಯೂ ಇಲ್ಲ. ನಿಮ್ಮ ತಂದೆಯವರ ಗುಂಪಿನಲ್ಲಿ ನಡಿಗೆಗಿಂತ ಮಾತೇ ಜಾಸ್ತಿ ಇರಬೇಕು. ಉಣಕಲ್ ಮಂದಿಯನ್ನು ನಾನೂ ನೋಡಿದ್ದೇನೆ, ಹತ್ತು ಹೆಜ್ಜೆಗೊಮ್ಮೆ ನಿಂತು ಸರ್ಕಾರ ಬೀಳಿಸುತ್ತಾರೆ. ಬಿರುಸಾಗಿ ನಡೆಯಲು ಹೇಳಿ, ಎಲ್ಲ ಸರಿ ಹೋಗುತ್ತೆ.

ಲೈನ್ ಬಜಾರ್ ಪೇಡಾ
ಚಹಾ ಜೊತೆ ಮಿರ್ಚಿನೂ ಇರುತ್ತಾ? ಅದನ್ನು ಬರೆದೇ ಇಲ್ಲ ನೋಡಿ.

ಕೇಶ್ವಾಪುರದವ
ಅದು ಅಪ್ಪ ಅಮ್ಮನ ನಡುವಿನ ವಿಷಯ, ನಾನು ಬಾಯಿ ಹಾಕಲ್ಲ.

ಫಿಸಿಯೋ ಅಕ್ಕ, ಧಾರವಾಡ
ನೋಡದೆ ಖಚಿತವಾಗಿ ಹೇಳಲಾಗದು. ಆದರೆ ತ್ರಾಣ ಇಲ್ಲ ಅಂತ ಅವರೇ ಹೇಳಿದ್ದಾರಲ್ಲ, ಆ ಮಾತನ್ನು ನಂಬಿ. ನನ್ನ ಹತ್ತಿರ ಇಂಥವರು ಬರುತ್ತಲೇ ಇರುತ್ತಾರೆ. ನಡೆಯಲು ಬಿಟ್ಟರೆ ನವನಗರ ಮುಟ್ಟುತ್ತಾರೆ, ಕಮೋಡ್ ಮೇಲಿಂದ ಏಳಲು ನಲ್ಲಿ ಹಿಡಿಯುತ್ತಾರೆ.

ಸಪಾಟು ದಾರಿಯ ನಡಿಗೆಯಲ್ಲಿ ತೊಡೆ, ಕುಂಡಿಯ ಸ್ನಾಯುಗಳ ಮೇಲೆ ಬೀಳುವ ಭಾರ ಕಡಿಮೆ. ಹೃದಯಕ್ಕೆ, ಶುಗರ್‌ಗೆ, ನಿದ್ದೆಗೆ ಅದು ಒಳ್ಳೆಯದೇ, ಬಿಡಿಸಬೇಡಿ. ಆದರೆ ನೆಲದಿಂದ ಏಳುವಾಗ ಇಡೀ ಮೈಯನ್ನು ತೊಡೆಗಳೇ ಎತ್ತಬೇಕು. ಆ ಕೆಲಸ ವರ್ಷಗಟ್ಟಲೆ ಕೊಡದಿದ್ದರೆ ಸ್ನಾಯು ಕರಗುತ್ತೆ. 30 ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಶೇ 3ರಿಂದ 8ರಷ್ಟು ಸ್ನಾಯು ಕಮ್ಮಿಯಾಗುತ್ತೆ ಅಂತ ಲೆಕ್ಕ, 60ರ ನಂತರ ಇನ್ನೂ ಬೇಗ. ಇದಕ್ಕೆ ಸಾರ್ಕೋಪೀನಿಯಾ ಅನ್ನುತ್ತಾರೆ. ಹೆಚ್ಚು ಸೊರಗುವುದು ಚುರುಕಾಗಿ ಕೆಲಸ ಮಾಡುವ ಎಳೆಗಳು, ಅಂದರೆ ಬಚ್ಚಲಲ್ಲಿ ಕಾಲು ಜಾರಿದಾಗ ತಟ್ಟನೆ ಹಿಡಿದು ನಿಲ್ಲಿಸುವಂಥವು. ತೂಕದ ಮಷಿನ್ನಿಗೆ ಇದು ತಿಳಿಯಲ್ಲ, ಯಾಕೆಂದರೆ ಸ್ನಾಯು ಹೋದ ಜಾಗಕ್ಕೆ ಕೊಬ್ಬು ಬಂದು ಕೂತಿರುತ್ತೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ ಅಂತಿದೆ. ಜನ ಅಲ್ಲಿಗೇ ಓದು ನಿಲ್ಲಿಸುತ್ತಾರೆ. ಅದರ ಜೊತೆಗೇ ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ, 65 ದಾಟಿದವರಿಗೆ ವಾರಕ್ಕೆ 3 ದಿನ ಬ್ಯಾಲೆನ್ಸ್ ಮತ್ತು ಬಲ ಎರಡೂ ಸೇರಿದ ಅಭ್ಯಾಸ ಬೇಕು ಅಂತಲೂ ಇದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಗಟ್ಟಿ ಕಟ್ಟಿಗೆ ಕುರ್ಚಿ, ಕುರ್ಚಿಯ ಬೆನ್ನು ಗೋಡೆಗೆ ತಾಗಿರಲಿ, ಪ್ಲಾಸ್ಟಿಕ್ ಕುರ್ಚಿ ಬೇಡ. ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟುಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಣಿಸಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಪಟ್ಟಿ ಪ್ರಕಾರ 65ರಿಂದ 69ರ ಗಂಡಸರಿಗೆ 12ಕ್ಕಿಂತ, ಹೆಂಗಸರಿಗೆ 11ಕ್ಕಿಂತ ಕಮ್ಮಿ ಬಂದರೆ ಅದು ಸರಾಸರಿಗಿಂತ ಕೆಳಗೆ, ಬೀಳುವ ಭಯ ಜಾಸ್ತಿ. ಏಳಲು ಕೈ ಊರಿದರೆ ಸೊನ್ನೆ.

ಕೇಶ್ವಾಪುರದವ
ಈಗಲೇ ಮಾಡಿಸಿದೆ. 7. ಎಂಟನೆಯದಕ್ಕೆ ಕೈ ಊರಿದರು, ಆಮೇಲೆ ಕುರ್ಚಿನೇ ಸರಿ ಇಲ್ಲ ಅಂದರು.

ಲೈನ್ ಬಜಾರ್ ಪೇಡಾ
ನಾನು 44, ನನಗೆ 13 ಬಂತು. ಈಗ ಮೆಟ್ಟಿಲು ಇಳಿಯೋಕೆ ಭಯ.

ನೃಪತುಂಗ ವಾಕರ್
ನನಗೆ 16 ಬಂತು. ವಾಕಿಂಗ್ ಮಾತ್ರ ಮಾಡುವವನು ನಾನು. ಈಗೇನಂತೀರಿ ಅಕ್ಕ?

ಫಿಸಿಯೋ ಅಕ್ಕ, ಧಾರವಾಡ
ಸರ್, ನೀವು ನೃಪತುಂಗ ಬೆಟ್ಟಕ್ಕೆ ಹೋಗೋದು ಮೆಟ್ಟಿಲು ಹತ್ತಿಯೋ, ವಿದ್ಯಾನಗರದ ರಸ್ತೆಯಲ್ಲೋ?

ನೃಪತುಂಗ ವಾಕರ್
ಬೆಟ್ಟಕ್ಕೆ ಹೋಗಿ ಮೆಟ್ಟಿಲು ಹತ್ತದೆ ಬರ್ತಾರೇನ್ರೀ? ಮೇಲೆ ಹೋಗಿ ಊರು ನೋಡಿಯೇ ಇಳಿಯೋದು.

ಫಿಸಿಯೋ ಅಕ್ಕ, ಧಾರವಾಡ
ಹಾಗಾದರೆ ನಿಮ್ಮದು ಬರೀ ವಾಕಿಂಗ್ ಅಲ್ಲ ಸರ್. ಒಂದೊಂದು ಮೆಟ್ಟಿಲಿಗೂ ಒಂದೇ ಕಾಲಿನ ಮೇಲೆ ಮೈ ಎತ್ತುತ್ತೀರಿ. ಇಳಿಯುವಾಗ ಅದೇ ತೊಡೆ ಬ್ರೇಕ್ ಹಾಕುತ್ತೆ. ಕೆರೆ ದಂಡೆಯಲ್ಲಿ ಅದು ಸಿಗಲ್ಲ. ನಿಮ್ಮ 16ರ ಗುಟ್ಟು ಅದೇ.

ನೃಪತುಂಗ ವಾಕರ್
ಹೆಸರು ಏನಾದರೂ ಇಡಿ, ನಾನು ಅದಕ್ಕೆ ವಾಕಿಂಗ್ ಅಂತೀನಿ.

ಹಳೇ ಗರಡಿ
ಇದೆಲ್ಲ ನಮ್ಮ ಗರಡಿಮನೆಯವರಿಗೆ ಮೊದಲಿಂದ ಗೊತ್ತು. ಬೈಠಕ್ ಅಂದರೆ ಏನು? ಕೂರೋದು, ಏಳೋದು. ಅದನ್ನೇ ಈಗ ಇಂಗ್ಲಿಷ್ ಹೆಸರಿಟ್ಟು ತಿಂಗಳಿಗೆ ಸಾವಿರಗಟ್ಟಲೆ ಫೀಸು ತಗೊಳ್ತಾರೆ. ನಮ್ಮೂರ ವಸ್ತಾದರು, ಅಂದರೆ ಗರಡಿಯ ಗುರು, ಎಪ್ಪತ್ತು ದಾಟಿದ ಮೇಲೂ ಕೆಮ್ಮಣ್ಣು ತಾವೇ ಅಗೆದು ಹದ ಮಾಡುತ್ತಿದ್ದರು. ಕರಲಾಕಟ್ಟಿ (ಸಾಮಿನ ಮರದ ಗದೆ) ತಿರುಗಿಸುವಾಗ ಹುಡುಗರು ದೂರ ನಿಂತು ನೋಡಬೇಕು, ಹಾಗಿತ್ತು ಕೈ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತೋದು ಈಗಿನ ಹುಡುಗರು ಎಷ್ಟು ಜನ ನೋಡಿದ್ದೀರಿ?

ರಾಣೆಬೆನ್ನೂರು ರೈತ
ಅಣ್ಣಾ, ಅದೇ ಗರಡಿಯ ಇನ್ನೊಂದು ಕಥೆನೂ ಹೇಳಿ. ಸಾಮು ಬಿಟ್ಟ ಪೈಲ್ವಾನರು ಹಾಲು ತುಪ್ಪ ಬಿಡಲಿಲ್ಲ. ಐವತ್ತಕ್ಕೇ ಹೊಟ್ಟೆ, ಶುಗರ್, ಮೊಣಕಾಲು. ನಮ್ಮ ಓಣಿಯಲ್ಲೇ ಇದ್ದಾರೆ.

ಹಳೇ ಗರಡಿ
ಅದು ಗರಡಿಯ ತಪ್ಪಾ? ಸಾಮು ಬಿಟ್ಟವರ ತಪ್ಪು. ವಸ್ತಾದರು ಬಿಡಲಿಲ್ಲ ಅಂತಲೇ ಹೇಳಿದೆನಲ್ಲ.

ಗದಗಿನ ಮಗಳು
ಅಮ್ಮನಿಗೂ ಇದೇ ಆಗಿತ್ತು, ಹೇಗೆ ಸುಧಾರಿಸಿತು ಅಂತ ಹೇಳ್ತೀನಿ. ಸೋಫಾದಿಂದ ಏಳಲು ಮೂರು ಸಲ ಹಿಂದೆ ಮುಂದೆ ತೂಗಿ, "ಹೂಂ" ಅಂತ ಅನ್ನಬೇಕಿತ್ತು. ಫಿಸಿಯೋ ಹತ್ತಿರ ಹೋದಾಗ ಅವರು ಮೊದಲು ಕುರ್ಚಿ ಎತ್ತರ ಮಾಡಿ ಅಂದರು. ಮನೆಯಲ್ಲಿ ಕೌದಿಗಳಿಗೇನು ಬರವೇ, ಅಜ್ಜಿ ಹೊಲಿದದ್ದು ಗಂಟುಗಟ್ಟಲೆ ಇದ್ದವು. ಕಟ್ಟಿಗೆ ಕುರ್ಚಿ ಮೇಲೆ ನಾಲ್ಕು ಕೌದಿ ಬಿಗಿಯಾಗಿ ಮಡಚಿ ಹಾಕಿದೆವು. ಆ ಎತ್ತರದಿಂದ ಕೈ ಊರದೆ ಏಳೋಕೆ ಬಂತು. ಪಾದ ಸ್ವಲ್ಪ ಹಿಂದೆ ಎಳೆದುಕೊಳ್ಳಬೇಕು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಬೇಕು, ಆಮೇಲೆ ಏಳಬೇಕು. ಕೂರುವಾಗ ದೊಪ್ಪನೆ ಬೀಳದೆ ಮೂರು ಎಣಿಸುತ್ತಾ ಇಳಿಯಬೇಕು. ಅಮ್ಮನಿಗೆ ಏಳೋದಕ್ಕಿಂತ ಈ ನಿಧಾನ ಇಳಿಯೋದೇ ಕಷ್ಟ ಆಗಿತ್ತು.

ಸಲೀಸಾದ ಹಾಗೆಲ್ಲ ಒಂದು ಕೌದಿ ತೆಗೆದೆವು. ಕೊನೆಯ ಕೌದಿ ತೆಗೆದ ದಿನ ಅಮ್ಮ ಪಕ್ಕದ ಮನೆಯವರನ್ನು ಕರೆದು ತೋರಿಸಿದರು. ಈಗ ಹಾಲು ಕಾಯಿಸುವಾಗ ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುತ್ತಾರೆ. ಹಾಲು ಉಕ್ಕಿದಾಗ ನಿಲ್ಲಿಸೋದು, ಅದೇ ಟೈಮರ್.

ಫಿಸಿಯೋ ಅಕ್ಕ, ಧಾರವಾಡ
ಕೌದಿ ಲೆಕ್ಕ ಸಖತ್ ಆಗಿದೆ, ನನ್ನ ಪೇಷಂಟುಗಳಿಗೂ ಹೇಳ್ತೀನಿ. ಮೂಲ ಸೂತ್ರ ಅದೇ: ಇವತ್ತಿನ ಶಕ್ತಿಗೆ ತಕ್ಕ ಕಷ್ಟದಿಂದ ಶುರು ಮಾಡಿ, ಸಲೀಸಾದಾಗ ಸ್ವಲ್ಪ ಕಷ್ಟ ಹೆಚ್ಚಿಸೋದು. ವರ್ಷಗಟ್ಟಲೆ ಅದೇ ವ್ಯಾಯಾಮ ಅಷ್ಟೇ ಸಲ ಮಾಡಿದರೆ ದೇಹ ಅಲ್ಲೇ ನಿಲ್ಲುತ್ತೆ. ಕೇಶ್ವಾಪುರದವರೇ, ನೀವೂ ಹೀಗೇ ಶುರು ಮಾಡಿ.

ಎದೆ ಬಿಗಿತ, ನಡೆದಾಗ ಉಬ್ಬಸ, ತಲೆ ಸುತ್ತು, ಊದಿಕೊಂಡ ಮೊಣಕಾಲು ಇದ್ದವರು ಮೊದಲು ಡಾಕ್ಟರಿಗೆ ತೋರಿಸಿ. ಭಾರ ಎತ್ತುವಾಗ ಉಸಿರು ಬಿಗಿ ಹಿಡಿಯಬೇಡಿ, ಬಿಪಿ ಏರುತ್ತೆ. ಎಣಿಕೆಯನ್ನು ಬಾಯಿ ಬಿಟ್ಟು ಜೋರಾಗಿ ಹೇಳಿದರೆ ಉಸಿರು ತಾನೇ ಆಡುತ್ತೆ.

ಜಿಮ್ ಹುಡುಗ 580031
ನೇರವಾಗಿ ಜಿಮ್‌ಗೆ ಕಳಿಸಿ. 1990ರಲ್ಲಿ ಅಮೆರಿಕದಲ್ಲಿ ವೃದ್ಧಾಶ್ರಮದ 10 ಜನರಿಗೆ ವೇಟ್ ಟ್ರೇನಿಂಗ್ ಕೊಟ್ಟಿದ್ದರು, ವಯಸ್ಸು 86ರಿಂದ 96. 8 ವಾರದಲ್ಲಿ ಕಾಲಿನ ಬಲ ಸರಾಸರಿ ಶೇ 174 ಏರಿತ್ತು. ತೊಂಬತ್ತರಲ್ಲಿ ಆಗುತ್ತೆ ಅಂದರೆ 67 ಏನು ಮಹಾ?

ಬೆಂಗಳೂರಲ್ಲಿರೋ ಹುಬ್ಬಳ್ಳಿಯವ
ಹಾಗಂತ ನಮ್ಮ ಮಾವನನ್ನು ಒಂದು ಜಿಮ್‌ಗೆ ಸೇರಿಸಿದೆವು. ಟ್ರೇನರ್‌ಗೆ 22 ವಯಸ್ಸು. ಮೊದಲ ದಿನವೇ ನೆಲದಿಂದ ರಾಡ್ ಎತ್ತಿಸಿದ, ಮಾವ ಮರುದಿನ ಹಾಸಿಗೆಯಿಂದ ಏಳಲಿಲ್ಲ. ಈಗ ಜಿಮ್ ಅಂದರೆ ಟಿವಿ ಚಾನೆಲ್ ಬದಲಿಸ್ತಾರೆ.

ಜಿಮ್ ಹುಡುಗ 580031
ಅದು ಟ್ರೇನರ್ ತಪ್ಪು, ವೇಟ್ಸ್ ತಪ್ಪಲ್ಲ.

ಬೆಂಗಳೂರಲ್ಲಿರೋ ಹುಬ್ಬಳ್ಳಿಯವ
ಬೆನ್ನು ಮಾವನದ್ದು ತಮ್ಮಾ.

ಫಿಸಿಯೋ ಅಕ್ಕ, ಧಾರವಾಡ
ಇಬ್ಬರೂ ಹೇಳ್ತಿರೋದು ನಿಜ. ಆ ಅಧ್ಯಯನ ಪ್ರಸಿದ್ಧವಾದದ್ದೇ. ಆದರೆ ಅಲ್ಲಿ ಅವರ ಬಲ ಎಷ್ಟಿದೆ ಅಂತ ಮೊದಲು ಅಳೆದು, ಪಕ್ಕದಲ್ಲಿ ನಿಂತು ಮಾಡಿಸಿದ್ದರು. ಹಿರಿಯರನ್ನು ಜಿಮ್‌ಗೆ ಸೇರಿಸುವ ಮುಂಚೆ ಟ್ರೇನರ್‌ಗೆ ಒಂದೇ ಪ್ರಶ್ನೆ ಕೇಳಿ: ಮೊದಲ ವಾರ ಏನು ಮಾಡಿಸುತ್ತೀರಿ? ಬಿಪಿ, ಮಾತ್ರೆ, ಹಳೇ ನೋವು ಯಾವುದನ್ನೂ ವಿಚಾರಿಸದೆ ಪ್ಯಾಕೇಜ್ ರೇಟ್ ಹೇಳಿದರೆ ಎದ್ದು ಬನ್ನಿ.

ಯೋಗ ಸಾಕು
ಇಷ್ಟೆಲ್ಲ ಯಾಕೆ? ವೃಕ್ಷಾಸನದಲ್ಲಿ ಬ್ಯಾಲೆನ್ಸ್ ಇದೆ, ಉತ್ಕಟಾಸನದಲ್ಲಿ ತೊಡೆಗೆ ಕೆಲಸ ಇದೆ, ಸೂರ್ಯ ನಮಸ್ಕಾರದಲ್ಲಿ ಎಲ್ಲಾ ಇದೆ.

ಫಿಸಿಯೋ ಅಕ್ಕ, ಧಾರವಾಡ
ಒಪ್ಪುತ್ತೇನೆ, ನಿಂತು ಮಾಡುವ ಆಸನಗಳು ಬಹಳ ಒಳ್ಳೆಯವು. ಆದರೆ ಎಷ್ಟೋ ಕಡೆ ಹಿರಿಯರಿಗೆ ಕೂತು ಪ್ರಾಣಾಯಾಮ ಮಾಡಿಸಿ, ಶವಾಸನ ಹಾಕಿಸಿ ಕಳಿಸುತ್ತಾರೆ. ಅದರಿಂದ ತೊಡೆ ಗಟ್ಟಿಯಾಗಲ್ಲ. ಇನ್ನೊಂದು, ಮೂಳೆ ಸವೆದಿರುವ ಹೆಂಗಸರು ಬೆನ್ನು ಪೂರ್ತಿ ಬಗ್ಗಿಸಿ ಕಾಲು ಮುಟ್ಟುವ ಆಸನ ಮಾಡಬಾರದು, ಬೆನ್ನುಮೂಳೆ ಬಿರುಕು ಬಿಡಬಹುದು.

ಮಾಳಮಡ್ಡಿ ಅಜ್ಜಿ 71
ಇಷ್ಟು ಹೊತ್ತು ಓದಿದೆ. ಅಪ್ಪ, ಮಾವ, ವಸ್ತಾದ. ಹೆಂಗಸರ ಸುದ್ದಿ ಬಂದದ್ದು ಕೌದಿ ಪುಣ್ಯದಿಂದ. ಬೆಳಿಗ್ಗೆ ಆರಕ್ಕೆ ಗಂಡಸರು ಕೆಲಗೇರಿ ಕೆರೆಗೆ ಹೊರಟಾಗ ಅವರಿಗೆ ಚಹಾ ಮಾಡಿಕೊಡೋದು ಯಾರು? ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತೆ ಅಂತ ಡಾಕ್ಟರೇ ಹೇಳ್ತಾರೆ. ಹಾಗಾದರೆ ಈ ವ್ಯಾಯಾಮ ಮೊದಲು ಬೇಕಾಗಿರೋದು ನಮಗಲ್ಲವಾ? "ಮನೆಗೆಲಸ ಮಾಡ್ತೀಯಲ್ಲ, ಅದೇ ವ್ಯಾಯಾಮ" ಅಂತ ನಲವತ್ತು ವರ್ಷ ಕೇಳಿ ಸಾಕಾಗಿದೆ. ಮೊದಲಾದರೂ ಬೀಸುಕಲ್ಲು, ಒಳಕಲ್ಲು, ಬಾವಿ ಹಗ್ಗ ಇತ್ತು. ಈಗ ಮಿಕ್ಸಿ, ನಲ್ಲಿ, ನಿಂತಲ್ಲೇ ಒಲೆ. ಕೆಲಸ ಮುಗಿಯಲ್ಲ, ಮೈಗೆ ಬಲವೂ ಬರಲ್ಲ.

ಗದಗಿನ ಮಗಳು
ಅಜ್ಜಿ, ಈ ಮಾತನ್ನು ಚೌಕಟ್ಟು ಹಾಕಿಸಿ ನಮ್ಮ ಮನೆ ಹಾಲ್‌ನಲ್ಲಿ ತೂಗುಹಾಕ್ತೀನಿ.

ರಾಣೆಬೆನ್ನೂರು ರೈತ
ಹೊಲದ ಕೆಲಸಕ್ಕೂ ಇದೇ ಮಾತು. ಪೇಟೆಯವರು ರೈತ ಅಂದರೆ ಫಿಟ್ ಅಂತ ತಿಳಿದಿದ್ದಾರೆ. ಕಳೆ ತೆಗೆಯುವ ಹೆಣ್ಣುಮಕ್ಕಳು ದಿನವೆಲ್ಲ ಬಗ್ಗಿಯೇ ಇರ್ತಾರೆ, ಸಂಜೆ ಸೊಂಟ ನೆಟ್ಟಗಾಗಲ್ಲ. ಅದು ದುಡಿತ, ವ್ಯಾಯಾಮ ಅಲ್ಲ. ಇತ್ತ ನಾನು ಟ್ರ್ಯಾಕ್ಟರ್ ಮೇಲೆ ಕೂತು ಹೊಟ್ಟೆ ಬೆಳೆಸಿದ್ದೇನೆ.

ಜಿಮ್ ಹುಡುಗ 580031
ಊಟದ ಬಗ್ಗೆ ಯಾರೂ ಮಾತಾಡ್ತಿಲ್ಲ. ಪ್ರೋಟೀನ್ ಇಲ್ಲದೆ ಸ್ನಾಯು ಎಲ್ಲಿಂದ ಬರುತ್ತೆ? ಪೌಡರ್ ಕೊಡಿ.

ಹಳೇ ಗರಡಿ
ಜೋಳದ ರೊಟ್ಟಿ, ಕಾಳು ಪಲ್ಯ ತಿನ್ನುವವರಿಗೆ ಡಬ್ಬಿ ಪೌಡರ್ ಯಾಕೋ?

ಫಿಸಿಯೋ ಅಕ್ಕ, ಧಾರವಾಡ
ಲೆಕ್ಕ ಹಾಕೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರ ಪ್ರಕಾರ ಒಂದು ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. 60 ಕಿಲೋ ಇದ್ದರೆ 50 ಗ್ರಾಂ. ವಯಸ್ಸಾದವರಿಗೆ 1ರಿಂದ 1.2 ಗ್ರಾಂ ಬೇಕು ಅಂತ ಅನೇಕ ತಜ್ಞರು ಹೇಳ್ತಾರೆ, ಅಂದರೆ 60ರಿಂದ 72. ಈಗ ತಟ್ಟೆ ನೋಡಿ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 10 ಗ್ರಾಂ. ಒಂದು ಹಿಡಿ ಮಡಿಕೆ ಕಾಳೋ ಹೆಸರು ಕಾಳೋ ಅಂದರೆ ಸುಮಾರು 7. ಒಂದು ಲೋಟ ಹಾಲು 6 ಚಿಲ್ಲರೆ, ಮೊಟ್ಟೆ ತಿನ್ನುವವರಿಗೆ ಒಂದಕ್ಕೆ 6. ಶೇಂಗಾ ಚಟ್ನಿಯಲ್ಲೂ ಇದೆ, ಆದರೆ ಎಣ್ಣೆ ಅಂಶ ಜಾಸ್ತಿ.

ತಟ್ಟೆ ಕೆಟ್ಟದ್ದಲ್ಲ. ತೊಂದರೆ ಆಗೋದು ಎಲ್ಲಿ ಅಂದರೆ, ವಯಸ್ಸಾದ ಮೇಲೆ ಕಾಳು ಗ್ಯಾಸ್ ಅಂತ ಬಿಟ್ಟು, ಹಲ್ಲಿಲ್ಲ ಅಂತ ರೊಟ್ಟಿ ಬಿಟ್ಟು, ರಾತ್ರಿ ಅನ್ನ ತಿಳಿಸಾರಿಗೆ ಇಳಿಯುತ್ತಾರೆ. ಕಾಳು ನೆನೆಸಿ ಮೊಳಕೆ ಬರಿಸಿ ಚೆನ್ನಾಗಿ ಬೇಯಿಸಿ ಕೊಡಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಏರಿಸಬಾರದು.

ಲೈನ್ ಬಜಾರ್ ಪೇಡಾ
ಪೇಡಾದಲ್ಲೂ ಹಾಲಿದೆ. ಪ್ರೋಟೀನ್ ಅಂತ ಬರೆದುಕೊಳ್ಳಲಾ?

ಮಾಳಮಡ್ಡಿ ಅಜ್ಜಿ 71
ಬರೆದುಕೋ, ಪಕ್ಕದಲ್ಲೇ ಸಕ್ಕರೆ ಎಷ್ಟು ಅಂತಲೂ ಬರಿ.

ಶುಗರ್ ಗೆಳೆಯ
ನನ್ನಂಥವರಿಗೆ ಒಂದು ಮಾತು. ಮಾತ್ರೆ ಅಥವಾ ಇನ್ಸುಲಿನ್ ತಗೊಂಡು ಖಾಲಿ ಹೊಟ್ಟೆಯಲ್ಲಿ ದೂರ ನಡೆಯಬೇಡಿ. ನಮ್ಮ ಗುಂಪಿನ ಒಬ್ಬರು ತೋಳನಕೆರೆ ಹತ್ತಿರ ಬೆವೆತು, ಕೈ ನಡುಗಿ ಕೂತೇಬಿಟ್ಟರು. ಯಾರದೋ ಜೇಬಿನ ಚಾಕಲೇಟು ಕಾಪಾಡಿತು. ಈಗ ಎಲ್ಲರ ಜೇಬಲ್ಲೂ ಇರುತ್ತೆ. ಊಟ ಆದ ಮೇಲೆ 10, 15 ನಿಮಿಷ ನಡೆದರೂ ಶುಗರ್ ಏರೋದು ಕಮ್ಮಿಯಾಗುತ್ತೆ, ನಾನು ಈಗ ಹೆಚ್ಚಾಗಿ ಅದನ್ನೇ ಮಾಡೋದು.

ಫಿಸಿಯೋ ಅಕ್ಕ, ಧಾರವಾಡ
ಇದಕ್ಕೆ ಇನ್ನೊಂದು ಸೇರಿಸಿ. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಬಹಳ ವರ್ಷ ತಗೊಂಡವರಲ್ಲಿ ವಿಟಮಿನ್ ಬಿ12 ಕಮ್ಮಿಯಾಗಬಹುದು. ಸಸ್ಯಾಹಾರಿಗಳಿಗೆ ಮೊದಲೇ ಕಮ್ಮಿ. ಪಾದ ಜೋಮು ಹಿಡಿದರೆ ಬ್ಯಾಲೆನ್ಸ್ ಹೋಗುತ್ತೆ, ರಕ್ತ ಪರೀಕ್ಷೆ ಮಾಡಿಸಿ.

ಬೆಂಗಳೂರಲ್ಲಿರೋ ಹುಬ್ಬಳ್ಳಿಯವ
10,000 ಹೆಜ್ಜೆ ಆಗಲೇಬೇಕು ಅಂತಾರಲ್ಲ, ಅದು ನಿಜಾನಾ? ನಮ್ಮಪ್ಪ ಮಲಗುವ ಮುಂಚೆ ಕೋಣೆಯಲ್ಲಿ ಗಿರಕಿ ಹೊಡೆದು ಲೆಕ್ಕ ತುಂಬಿಸ್ತಾರೆ.

ಫಿಸಿಯೋ ಅಕ್ಕ, ಧಾರವಾಡ
ಅದು ಡಾಕ್ಟರುಗಳ ಲೆಕ್ಕ ಅಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಸಂಖ್ಯೆ. ಅದಕ್ಕಿಂತ ಕಮ್ಮಿ ನಡೆದರೂ ಲಾಭ ಇದೆ. ಅಪ್ಪನಿಗೆ ಮಲಗಲು ಹೇಳಿ.

ನೃಪತುಂಗ ವಾಕರ್
ಓಡೋದರ ಬಗ್ಗೆ ಏನಂತೀರಿ? ಫೌಜಾ ಸಿಂಗ್ ನೂರು ವರ್ಷಕ್ಕೆ ಟೊರೊಂಟೊದಲ್ಲಿ ಮ್ಯಾರಥಾನ್ ಮುಗಿಸಿದರು, 2011ರಲ್ಲಿ.

ಜಿಮ್ ಹುಡುಗ 580031
ಜನನ ಪ್ರಮಾಣಪತ್ರ ಇಲ್ಲ ಅಂತ ಗಿನ್ನೆಸ್‌ನವರು ದಾಖಲೆ ಒಪ್ಪಲಿಲ್ಲ. ಮನ್ ಕೌರ್ ಕೂಡ ಇದ್ದರಲ್ಲ, 2017ರಲ್ಲಿ ಆಕ್ಲೆಂಡ್‌ನಲ್ಲಿ 101ನೇ ವಯಸ್ಸಿಗೆ 100 ಮೀಟರ್ ಓಡಿ ಚಿನ್ನ ಗೆದ್ದರು.

ಮಾಳಮಡ್ಡಿ ಅಜ್ಜಿ 71
ನನಗೆ ಚಿನ್ನ ಬೇಡಪ್ಪ. ಚಿಗರಿ ಬಸ್ ಹೊರಡೋ ಮೊದಲು ಸೀಟು ಮುಟ್ಟಿದರೆ ಸಾಕು.

ಲೈನ್ ಬಜಾರ್ ಪೇಡಾ
ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಎಲ್ಲಿ ನಡೆಯೋದು ಹೇಳಿ. ಜೂನ್‌ನಲ್ಲಿ ಶುರುವಾದರೆ ಮೂರು ತಿಂಗಳು ಮೂಲೆ ಹಿಡಿಯೋದೇ.

ಬೆಂಗಳೂರಲ್ಲಿರೋ ಹುಬ್ಬಳ್ಳಿಯವ
ಹುಬ್ಬಳ್ಳಿ ಸ್ಟೇಷನ್ ಇದೆಯಲ್ಲ! ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್, 1507 ಮೀಟರ್. ಒಮ್ಮೆ ಹೋಗಿ ಬಂದರೆ 3 ಕಿಲೋಮೀಟರ್. ಪ್ಲಾಟ್‌ಫಾರ್ಮ್ ಟಿಕೆಟ್ 10 ರೂಪಾಯಿ, ಯಾವ ಜಿಮ್ ಕೊಡುತ್ತೆ ಈ ರೇಟು?

ಶುಗರ್ ಗೆಳೆಯ
ಆ ಕಡೆ ತುದಿಯ ಬೋಗಿಗೆ ಲಗೇಜ್ ಹಿಡಿದು ಓಡಿದ್ದೀರಾ? ವೇಟ್ ಟ್ರೇನಿಂಗೂ ಅಲ್ಲೇ ಆಗುತ್ತೆ.

ಕೇಶ್ವಾಪುರದವ
ಅಪ್ಡೇಟ್ ಕೊಡ್ತೀನಿ. ಡಾಕ್ಟರಿಗೆ ತೋರಿಸಿದೆವು. ಹೃದಯ, ಮೊಣಕಾಲು ಸರಿ ಇದೆ, ತೊಡೆ ಸ್ನಾಯು ಬಡವಾಗಿದೆ ಅಂದರು. ವಿಟಮಿನ್ ಡಿ ಕಮ್ಮಿ ಇದೆ, ಅದಕ್ಕೆ ಔಷಧಿ. ಕುರ್ಚಿ ವ್ಯಾಯಾಮಕ್ಕೆ ಅಪ್ಪ ಮೊದಲು ಒಪ್ಪಲಿಲ್ಲ, ಹುಡುಗಾಟ ಅಂದರು. ಆಮೇಲೆ ಕೆರೆ ಗುಂಪಿನಲ್ಲಿ 30 ಸೆಕೆಂಡಿನ ಪರೀಕ್ಷೆ ಬಗ್ಗೆ ಬಾಯಿಬಿಟ್ಟರಂತೆ. ಈಗ ಅಲ್ಲಿ ಕಲ್ಲುಬೆಂಚಿನ ಮೇಲೆ ದಿನಾ ಪಂದ್ಯ ನಡೆಯುತ್ತೆ, ಸೋತವರು ಚಹಾ ಕೊಡಿಸಬೇಕು. ಅಪ್ಪ ಮನೆಯಲ್ಲಿ ಬಾಗಿಲು ಹಾಕಿಕೊಂಡು ಪ್ರಾಕ್ಟೀಸ್ ಮಾಡ್ತಿದ್ದಾರೆ.

ಹಳೇ ಗರಡಿ
ಇದಪ್ಪಾ ಮಾತು. ಪಂದ್ಯ ಇಲ್ಲದೆ ಗಂಡಸು ಮೈ ಬಗ್ಗಿಸಲ್ಲ.

ಫಿಸಿಯೋ ಅಕ್ಕ, ಧಾರವಾಡ
ಪಂದ್ಯ ಇರಲಿ, ಆದರೆ ಕೂರುವಾಗ ದೊಪ್ಪನೆ ಬೀಳಬಾರದು ಅಂತ ನಿಯಮ ಮಾಡಿಸಿ. ಬಿಪಿ ಮಾತ್ರೆ ತಗೊಳ್ಳುವವರು ಗಡಬಡಿಸಿ ಎದ್ದರೆ ತಲೆ ಸುತ್ತಬಹುದು. ಬ್ಯಾಲೆನ್ಸ್‌ಗೆ ಒಂಟಿಕಾಲಿನ ಮೇಲೆ 10 ಸೆಕೆಂಡ್ ನಿಲ್ಲೋದೂ ಸೇರಿಸಿ, ಗೋಡೆ ಕೈಗೆ ಸಿಗುವಷ್ಟು ಹತ್ತಿರ ಇರಲಿ.

ಶುಗರ್ ಗೆಳೆಯ
ಮೊಣಕಾಲಿಗೆ ಎಳ್ಳೆಣ್ಣೆ ಹಚ್ಚೋದು ಬೇಕೋ ಬೇಡವೋ? ಅದನ್ನಾದರೂ ಹೇಳಿ.

ಫಿಸಿಯೋ ಅಕ್ಕ, ಧಾರವಾಡ
ಹಿತ ಅನ್ನಿಸಿದರೆ ಹಚ್ಚಿ. ಒರೆಸಿಕೊಂಡು ಬಚ್ಚಲಿಗೆ ಹೋಗಿ, ಎಣ್ಣೆಗಾಲಲ್ಲಿ ಜಾರಿ ನನ್ನ ಹತ್ತಿರ ಬಂದವರಿದ್ದಾರೆ.

ಮಾಳಮಡ್ಡಿ ಅಜ್ಜಿ 71
ಗಂಡಸರ ಪಂದ್ಯ ಆಯಿತು. ನಮ್ಮ ಓಣಿಯಲ್ಲಿ ಸಂಜೆ ಐದಕ್ಕೆ ಹೆಂಗಸರು ಸೇರೋಣ ಅಂತ ಮಾತಾಡಿಕೊಂಡಿದ್ದೇವೆ, ಐದು ಜನ ಆಗಿದ್ದೇವೆ. ಕುರ್ಚಿ ಅವರವರೇ ತರಬೇಕು. ಕರ್ನಾಟಕ ಕಾಲೇಜಿನ ಆಸುಪಾಸಿನವರು ಬರೋದಿದ್ದರೆ ಹೇಳಿ. ಅಕ್ಕ, ಒಂದು ದಿನ ಬಂದು ತೋರಿಸ್ತೀಯಾ?

ಫಿಸಿಯೋ ಅಕ್ಕ, ಧಾರವಾಡ
ಭಾನುವಾರ ಬರ್ತೀನಿ ಅಜ್ಜಿ. ಕಟ್ಟಿಗೆ ಕುರ್ಚಿ, ಚಪ್ಪಲಿ ಬದಲು ಬೂಟು, ಸೀರೆ ಉಟ್ಟವರು ನೆರಿಗೆ ಸ್ವಲ್ಪ ಮೇಲೆ ಸಿಕ್ಕಿಸಿಕೊಳ್ಳಲಿ.

ಲೈನ್ ಬಜಾರ್ ಪೇಡಾ
ಐದು ಗಂಟೆ ಅಂದರೆ ಗಿರ್ಮಿಟ್ ಹೊತ್ತು. ವ್ಯಾಯಾಮ ಮೊದಲೋ, ಗಿರ್ಮಿಟ್ ಮೊದಲೋ?

ಮಾಳಮಡ್ಡಿ ಅಜ್ಜಿ 71
ನಿನ್ನನ್ನು ಯಾರು ಕರೆದರು?